ಖಾಲಿ ಪೀಪಾಯಿಗಳ ಹಡಗು

ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಎಲ್ಲರೂ ನೋಡುತ್ತಾರೆ. ಹಡಗುಕಟ್ಟೆಯ ಈ ಬಡಗಿ ನೀರಿಗೂ ಏನೋ ಬೆರೆಸಿದ್ದಾರೆ ಎನ್ನುವ ಪೈಕಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವನಷ್ಟು ಬಿಗಿಯಾಗಿ ಹಿಡಿದವರು ಇನ್ನೊಬ್ಬರಿಲ್ಲ. ಸದಾ ಕೇಳಿ ಕೇಳಿ ತಲೆ ಕೊರೆಯುತ್ತಿದ್ದುದರಿಂದ ಜೊತೆಯವರು ಅವನನ್ನು, ಮರಕ್ಕೆ ತೂತು ಕೊರೆಯುವ ಅವನದೇ ಉಪಕರಣದ ಹೆಸರಿನಿಂದ, ‘ಬೈರಿಗೆ’ ಎಂದೇ ಕರೆಯುತ್ತಿದ್ದರು. ಒಬ್ಬಳೇ ಮಗಳು, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನನ್ನು ಮೆಚ್ಚಿ ಮದುವೆಯಾದಾಗ, ಅಳಿಯನಿಗೆ ಬೇರೆ ಬಂದರಿನಲ್ಲಿ ಇನ್ನೊಂದು ಸಂಸಾರ ಇರಬಹುದೆಂದು ಕಂಡಕಂಡವರನ್ನೆಲ್ಲ ವಿಚಾರಿಸಿದ್ದ. ಇರಲಿಲ್ಲ. ಚೆನ್ನಾಗಿ ಮುಚ್ಚಿಟ್ಟಿದ್ದಾನೆ ಎಂದುಕೊಂಡ.

ಯುದ್ಧ ಬಂತು. ಅಳಿಯ ದುಡಿಯುತ್ತಿದ್ದ, ಸಿಮೆಂಟು ಸಾಗಿಸುವ ಪುಟ್ಟ ಹಡಗನ್ನು ನೌಕಾಪಡೆಯು ಅದರ ಆಳುಗಳ ಸಮೇತ ವಶಕ್ಕೆ ತೆಗೆದುಕೊಂಡು ಇದೇ ಕಟ್ಟೆಗೆ ತಂದಿತು. ಡೆಕ್ಕಿನ ಮೇಲೆ ಫಿರಂಗಿ ಕೂರಿಸಿ, ಅದು ಕಾಣದಂತೆ ಸುತ್ತ ಸುಳ್ಳು ಪೆಟ್ಟಿಗೆಗಳ ಗೋಡೆ ಕಟ್ಟುವುದು ಬಡಗಿಯ ಕೆಲಸ. ಬಡಪಾಯಿ ಸರಕು ಹಡಗೆಂದು ಶತ್ರು ಹತ್ತಿರ ಬಂದರೆ ಕೊಂಡಿ ಎಳೆದು ಗೋಡೆ ಬೀಳಿಸಿ ಗುಂಡು ಹಾರಿಸುವುದು. ಮೋಸದ ಈ ಏರ್ಪಾಡು ಅವನಿಗೆ ಬಹಳ ಹಿಡಿಸಿತು. ಹಿಡಿಸದೇ ಹೋದದ್ದು ತಳದ ಸರಕಿನ ಕೋಣೆಗೆ ಇಳಿಯುತ್ತಿದ್ದ, ಎಣ್ಣೆ ತುಂಬುವ ಮರದ ಪೀಪಾಯಿಗಳು. ಇಬ್ಬರು ಎತ್ತಬೇಕಾದ್ದನ್ನು ಒಬ್ಬೊಬ್ಬ ಆಳೇ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಬಡಗಿ ಬೆರಳಿಂದ ತಟ್ಟಿ ನೋಡಿದ. ಒಳಗೆ ಏನೂ ಇದ್ದಂತಿರಲಿಲ್ಲ.

ಇದರಲ್ಲೇನಿದೆ ಎಂದು ಕೇಳಿದ್ದಕ್ಕೆ ಮೇಸ್ತ್ರಿ, ಅದೆಲ್ಲ ನಿನಗ್ಯಾಕೆ, ನಿನ್ನ ಕೆಲಸ ನೋಡು ಎಂದು ಗದರಿದ. ಇನ್ನೇನು ಬೇಕು? ಎಣ್ಣೆ ಮಾರಿಕೊಂಡು ಖಾಲಿ ಪೀಪಾಯಿ ತುಂಬುತ್ತಿದ್ದಾರೆ, ಮೇಸ್ತ್ರಿಯೂ ಶಾಮೀಲು. ಬುತ್ತಿ ಉಣ್ಣಲು ಎಲ್ಲರೂ ಮೇಲೆ ಹೋದಾಗ ಬಡಗಿ ಕೆಳಗಿಳಿದು, ಕೈಗೆ ಸಿಕ್ಕ ಪೀಪಾಯಿಗಳ ಬುಡಕ್ಕೆಲ್ಲ ತೂತು ಕೊರೆದ. ಒಂದರಿಂದಲೂ ತೊಟ್ಟು ಎಣ್ಣೆ ಬೀಳಲಿಲ್ಲ. ನಾಳೆ ಅಧಿಕಾರಿಯನ್ನು ಕರೆದು ತೋರಿಸಿದರೆ ಮೇಸ್ತ್ರಿಯ ಬಂಡವಾಳ ಬಯಲಾಗುತ್ತದೆ ಎಂದು ಹಿಗ್ಗುತ್ತ ಮನೆಗೆ ಬಂದ.

ಊಟಕ್ಕೆ ಕೂತಾಗ ಮಗಳ ಮುಖ ಬಾಡಿತ್ತು. ಹಡಗು ಹೊರಡುವ ದಿನ ಹತ್ತಿರವಾಗಿತ್ತು. ಅವಳಿಗೆ ಧೈರ್ಯ ಹೇಳಲೆಂದು ಅಳಿಯ, ಆಡಬಾರದ ಗುಟ್ಟನ್ನು ಆಡಿಬಿಟ್ಟ.

“ಏಟು ಬಿದ್ರೂ ನಮ್ಮ ಹಡಗು ಮುಳುಗಲ್ಲ ಕಣೆ. ಕೆಳಗೆ ಬರೀ ಖಾಲಿ ಪೀಪಾಯಿ ತುಂಬಿದಾರೆ. ನೀರು ನುಗ್ಗಿದ್ರೂ ಅವೇ ನಮ್ಮನ್ನ ತೇಲಿಸ್ತವೆ.”

ತಾನು ತೂತು ಕೊರೆದ ಪೀಪಾಯಿಗಳು ಯಾರನ್ನೂ ತೇಲಿಸುವುದಿಲ್ಲ ಎಂದು ಬಡಗಿಗೆ ಹೊಳೆಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ತಿಳಿಯುವ ಹೊತ್ತಿಗೆ ಅಳಿಯ ನೀರುಪಾಲು. ಬಾಯಿ ಬಿಟ್ಟರೆ ಬೇಹುಗಾರನೆಂದು ತನ್ನನ್ನೇ ಹಿಡಿದು ಒಳಗೆ ಹಾಕುತ್ತಾರೆ. ಹಾಗೆ ಒಳಗೆ ಹಾಕದಿದ್ದರೆ ಅವರ ಮೇಲೂ ಅವನಿಗೆ ಅನುಮಾನ ಬರುತ್ತಿತ್ತು. ಆದರೂ ತಟ್ಟೆ ಸರಿಸಿ, ಮಾಡಿದ್ದನ್ನೆಲ್ಲ ಅಲ್ಲೇ ಹೇಳಿಬಿಟ್ಟ.

ಅಳಿಯ ಬೈಯಲಿಲ್ಲ. ಕೈ ತೊಳೆದು ಬಂದು ಚಪ್ಪಲಿ ಮೆಟ್ಟಿದ. “ಏಳಿ ಮಾವ. ಈಗಲೇ ಹೋಗಿ ಹೇಳೋಣ, ನಾನೂ ಬರ್ತೀನಿ. ಬಿರಡೆ ಜಡಿದು ಡಾಂಬರು ಬಳಿದ್ರೆ ಸರಿಹೋಗುತ್ತೆ.”

ಮಗಳು ಮಾತ್ರ ಕೂತಲ್ಲಿಂದ ಏಳಲಿಲ್ಲ. “ಅಪ್ಪ, ಇವರು ಹೋಗೋದು ಅದೇ ಹಡಗಲ್ಲಿ ಅಂತ ನಿಂಗೆ ಗೊತ್ತಿತ್ತಲ್ವಾ?”

ಗೊತ್ತಿತ್ತು, ಆದರೆ ಪೀಪಾಯಿಯ ವಿಷಯ ಗೊತ್ತಿರಲಿಲ್ಲ ಎಂದು ಬಡಗಿ ಆಣೆ ಮಾಡಿ ಹೇಳಿದ. ತನ್ನ ಮಾತು ತನಗೇ ಕಳ್ಳನ ಮಾತಿನಂತೆ ಕೇಳಿಸಿತು. ಅವಳು ಗಂಡನ ಕಡೆ ತಿರುಗಿದಳು.

“ತೂತು ಮುಚ್ಚೋವಾಗ ನೀವೂ ಪಕ್ಕದಲ್ಲೇ ನಿಂತ್ಕೊಂಡಿರಿ. ಅಪ್ಪನ್ನ ಒಂಟಿಯಾಗಿ ಕೆಳಗೆ ಬಿಡಬೇಡಿ.”

ಬಡಗಿಗೆ ಅಳು ಬಂತು. ಸಿಟ್ಟು ಮಾತ್ರ ಬರಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ಅವನೂ ಹಾಗೇ ಹೇಳುತ್ತಿದ್ದ.