ಮಂಗ ಬೀಳುವ ಮೊದಲು

ಬಂಗಾರಮ್ಮ ಹಸುವಿನ ಕಿವಿ ಮಡಚಿ ಉಣುಗು ಕಿತ್ತು, ಪಕ್ಕದಲ್ಲಿಟ್ಟಿದ್ದ ಕೆಂಡದ ಚಿಪ್ಪಿಗೆ ಹಾಕುತ್ತಿದ್ದಳು. ಚಟ್ಟೆಂದು ಸದ್ದಾದ ಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಬ್ಯಾಕೋಡಿನ ಆಚೆಯ ಆ ಕೇರಿಯಲ್ಲಿ ಉಣುಗನ್ನು ಯಾರೂ ಕಾಲಲ್ಲಿ ಹೊಸಕಿ ಬಿಡುವುದಿಲ್ಲ. ಮಂಗನ ಕಾಯಿಲೆ ಅದರಿಂದಲೇ ಬರುತ್ತದೆಂದು ಎಲ್ಲರಿಗೂ ಗೊತ್ತು.

ಆಶಾ ಕಾರ್ಯಕರ್ತೆ ಪ್ರತಿಮಾ ಅಂಗಳಕ್ಕೆ ಬಂದು ನಿಂತಾಗ ಸೊಸೆ ಭವ್ಯಾ ಒಳಗಿಂದ ಮಣೆ ತಂದಿಟ್ಟಳು. ಭವ್ಯಾ ಶಿಕಾರಿಪುರದ ಕಡೆಯವಳು, ಮದುವೆಯಾಗಿ ಬಂದು ವರ್ಷ ತುಂಬಿಲ್ಲ. ಈ ಮಳೆ ಮುಗಿದು ಬರುವ ಬೇಸಿಗೆಗೆ ಅತ್ತೆಯ ಜೊತೆ ದರಗು ಗುಡಿಸಲು ಮೊದಲ ಸಲ ಕಾಡಿಗೆ ಹೋಗುವವಳು. ಕೊಟ್ಟಿಗೆಗೆ ಹಾಸುವ ಒಣ ಎಲೆಯನ್ನು ಒಟ್ಟುಮಾಡಿ ಮಾರುವುದೇ ಆ ಮನೆಯ ಬದುಕು.

"ಬಂಗಾರಕ್ಕ, ಮಂಗನ ಕಾಯಿಲೆಗೆ ಹೊಸ ಸೂಜಿ ಬಂದದೆ. ಈ ತಿಂಗ್ಳು ಒಂದು, ಮುಂದಿನ ತಿಂಗ್ಳು ಒಂದು."

"ಎಲ್ಲಾದ್ರೂ ಮಂಗ ಸತ್ತು ಬಿದ್ದದ್ಯಾ?"

"ಇಲ್ಲ."

"ಮತ್ತೆ ಈಗೆಂತಕ್ಕೆ?"

ಬೇಲಿಯಾಚೆ ಬಟ್ಟೆ ಹರವುತ್ತಿದ್ದ ವನಮಾಲಾ ನಕ್ಕಳು. "ಇವ್ಳಿಗೆ ತಲೆಗಿಷ್ಟು ಅಂತ ಸಿಗ್ತದಂತೆ. ನನ್ ತಲೆ ಬಿಟ್ಟು ಎಣಿಸ್ಕೊ ಮಾರಾಯ್ತಿ."

"ನಿಮ್ ತಲೆ ಲೆಕ್ಕದಿಂದ ಬಿಟ್ಟು ವರ್ಷ ಎಷ್ಟಾಯ್ತೋ ವನಮಾಲಕ್ಕ," ಎಂದಳು ಪ್ರತಿಮಾ.

ಬಂಗಾರಮ್ಮ ನಗಲಿಲ್ಲ. ಅವಳ ಗಂಡ ಗುತ್ಯಪ್ಪ ಕೆಲವು ವರ್ಷದ ಹಿಂದೆ ಹಳೆಯ ಸೂಜಿ ಹಾಕಿಸಿಕೊಂಡಿದ್ದ. ಆ ಸಲ ಸಂಕ್ರಾಂತಿ ಕಳೆದು ಕೇರಿಯ ಹಿಂದೆ ಮಂಗ ಸತ್ತು ಬಿದ್ದಿತ್ತು. ಹಾಗೆ ಬಿದ್ದ ಮೇಲೆಯೇ ಸೂಜಿಗೆ ಓಡುವುದು ಇಲ್ಲಿಯ ರೂಢಿ. ಸೂಜಿಯ ಮರುದಿನ ನೋಯುವ ತೋಳಲ್ಲೇ ಅವನು ಕಾಡಿಗೆ ಹೋದ. ತಿಂಗಳಾಗುವುದರೊಳಗೆ ಜ್ವರ ಬಂತು, ಆಸ್ಪತ್ರೆಯಿಂದ ಹೆಣವಾಗಿ ಮರಳಿದ. ಸೂಜಿಯಿಂದಲೇ ಹೋದ ಎಂದಳು ಬಂಗಾರಮ್ಮ. ಎರಡನೇ ಸೂಜಿಗೆ ಬಂದವರ ಎದುರು ಬಾಗಿಲು ಹಾಕಿಕೊಂಡಳು. ಅವಳನ್ನು ನೋಡಿ ಕೇರಿಯೂ ಹಾಕಿಕೊಂಡಿತು.

"ಇದ್ರಿಂದ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀಯಾ?"

"ತೋಳು ನೋಯ್ತದೆ, ಒಂದೆರಡು ದಿನ ಮೈ ಬಿಸಿ ಆಗ್ಬಹುದು. ಹಾಕಿಸ್ಕೊಂಡ ಮೇಲೂ ಕಾಡಿಗೆ ಹೋಗೋವಾಗ ಉಣುಗು ಹತ್ತದಂಗೆ ಎಣ್ಣೆ ಹಚ್ಕೋಬೇಕು. ಅದಕ್ಕಿಂತ ಹೆಚ್ಚು ನಾನು ಹೇಳೋಕಾಗಲ್ಲ."

ಬಂಗಾರಮ್ಮ ಹಸುವಿನ ಇನ್ನೊಂದು ಕಿವಿ ಹಿಡಿದಳು. ತಲೆ ಎತ್ತದೆ ಕೇಳಿದಳು. "ನಮ್ಮನೆಯವ್ರು ಯಾವಾಗ ಹಾಕಿಸ್ಕೋಬೇಕಿತ್ತು?"

ಪ್ರತಿಮಾ ಮಣೆಯನ್ನು ಹತ್ತಿರ ಎಳೆದು ಕೂತಳು. "ದೀಪಾವಳಿ ಒಳಗೆ ಎರಡೂ ಆಗ್ಬೇಕಿತ್ತು, ಅಕ್ಕ. ಮೈ ತಯಾರಾಗೋಕೆ ಟೈಮ್ ಬೇಕು. ಅವ್ರಿಗೆ ಆಗಿದ್ದು ಒಂದೇ, ಅದೂ ಕಾಡೆಲ್ಲ ಉಣುಗು ತುಂಬಿದ್ ಮೇಲೆ."

ಕಿತ್ತ ಉಣುಗು ಬಂಗಾರಮ್ಮನ ಬೆರಳ ನಡುವೆಯೇ ಇತ್ತು. ಅದನ್ನು ಕೆಂಡಕ್ಕೆ ಹಾಕಲು ತಡವಾಯಿತು.

"ನಾನೆಂತ ಮಾಡ್ಲಿ ಅತ್ತೆ?" ಭವ್ಯಾ ಕೇಳಿದಳು. "ನಿಮ್ಮ ಮಗ, ಅಮ್ಮ ಹೇಳ್ದಂಗೆ ಮಾಡು ಅಂದ್ರು."

ಬೇಡ ಎನ್ನುವುದು ಸುಲಭವಿತ್ತು, ಇಷ್ಟು ವರ್ಷ ಅಂದದ್ದೇ ಅದು. ಆದರೆ ಎಲೆ ತುಂಬಿದ ಬಲೆ ತಲೆಯ ಮೇಲಿಟ್ಟು ಕಾಡಿನಿಂದ ಇಳಿದು ಬರುವವಳು ಈಗ ಈ ಹುಡುಗಿ. ಹಾಕಿಸಿಕೋ ಎಂದು ಹೇಳಿ ಏನಾದರೂ ಆದರೆ, ಶಿಕಾರಿಪುರದಲ್ಲಿ ಅವಳ ತಾಯಿಯ ಮುಂದೆ ನಿಲ್ಲಬೇಕಾದವಳು ತಾನು.

"ಮೊದ್ಲು ನಂಗೆ ಹಾಕ್ಲಿ," ಎಂದಳು ಬಂಗಾರಮ್ಮ. "ನನ್ನ ನೋಡ್ಕೊಂಡು ಆಮೇಲೆ ನೀ ಹೋಗು."

"ಬಂಗಾರಕ್ಕ, ನೀವಾ?" ವನಮಾಲಾಳ ಕೈಯಲ್ಲಿ ಹಿಂಡಿದ ಸೀರೆ ಹಾಗೇ ಉಳಿಯಿತು.

ಗುರುವಾರ ಸೂಜಿ ಹಾಕುವವರು ಬಂದಾಗ ಬಂಗಾರಮ್ಮ ಶಾಲೆಯ ಜಗುಲಿಯಲ್ಲಿ ಮುಖ ತಿರುಗಿಸಿ ತೋಳು ಕೊಟ್ಟಳು. ಕೇರಿಯಿಂದ ಬೇರೆ ಯಾರೂ ಬಂದಿರಲಿಲ್ಲ. ಅಂದು ಸಂಜೆ ಮೈ ಬಿಸಿಯಾಯಿತು. ಭವ್ಯಾ ಗಂಜಿ ಕಾಸಿ ಕೊಟ್ಟು ಪಕ್ಕದಲ್ಲೇ ಕೂತಳು. ವನಮಾಲಾ ಎರಡು ಸಲ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದಳು. ಬಿಸಿ ಇಳಿಯಿತು, ತೋಳಿನ ನೋವು ಮಾತ್ರ ಇನ್ನೂ ಸ್ವಲ್ಪ ಉಳಿಯಿತು.

ಮುಂದಿನ ವಾರ ಭವ್ಯಾ ಬ್ಯಾಕೋಡಿನ ಆಸ್ಪತ್ರೆಗೆ ಹೋಗಿ ಮೊದಲ ಸೂಜಿ ಹಾಕಿಸಿಕೊಂಡು ಬಂದಳು.