ಕಾಶ್ಯಪ ಗೋತ್ರದ ಜೇಕಬ್

ದೇವರನ್ನು ನಂಬಿಯೇ ಇಷ್ಟು ವರ್ಷ ಬದುಕಿದವಳು ನಾನು. ಆದರೆ ಸತ್ತವರು ಬರುತ್ತಾರೆ, ಸದ್ದು ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಉಪವಾಸದ ದಿನ ಕಿವಿಗೆ ಏನೇನೋ ಕೇಳುತ್ತದೆ ಎಂದು ತಳ್ಳಿಹಾಕುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೆ ನಗಿ. ನಿಮ್ಮ ನಗೆಗೆ ಹೆದರಿ ನಡೆದದ್ದನ್ನು ಕಡಿಮೆ ಮಾಡಿ ಮಾತ್ರ ಬರೆಯುವುದಿಲ್ಲ.

ನಮ್ಮ ಮನೆ ಹಳದೀಪುರದಲ್ಲಿ. ನನ್ನ ಮಾವ ಹರೆಯದಲ್ಲಿ ಮುಂಬಯಿಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿನ ಫುಟ್‌ಪಾತಿನಲ್ಲಿ ಕೊಂಡ ಹಳೇ ಇಂಗ್ಲಿಷ್ ಕಾದಂಬರಿಗಳನ್ನು ಒಂದು ಟ್ರಂಕ್ ತುಂಬ ತಂದಿದ್ದರು. ಎಲ್ಲವೂ ಅಮೆರಿಕದ ಪಶ್ಚಿಮದ ಬಯಲಿನ ಕತೆಗಳು. ಕುದುರೆ, ದನದ ಹಿಂಡು, ದೊಡ್ಡ ಟೊಪ್ಪಿ, ಬಂದೂಕು. ಕೌಬಾಯ್ ಸಿನಿಮಾಗಳೆಲ್ಲ ಬರುವುದಕ್ಕೆ ಮುಂಚೆಯೇ ಬರೆದವು ಇವು ಎಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ಕೊನೆಗಾಲದಲ್ಲಿ ಅವರ ಕಣ್ಣು ಹೋಯಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ನನ್ನದು ಹೈಸ್ಕೂಲಿನ ಇಂಗ್ಲಿಷ್. ತಪ್ಪಿದಲ್ಲಿ ಮಾವ ತಿದ್ದುತ್ತಿದ್ದರು, ಇಬ್ಬರಿಗೂ ತಿಳಿಯದಲ್ಲಿ ಅಂದಾಜು ಮಾಡಿ ಮುಂದೆ ಹೋಗುತ್ತಿದ್ದೆವು. ಕಣ್ಣು ತೆಗೆದುಕೊಂಡ ದೇವರು ಕಿವಿಯನ್ನಾದರೂ ಬಿಟ್ಟನಲ್ಲ ಎಂದು ದಿನಾ ಕೈ ಮುಗಿಯುತ್ತಿದ್ದೆ. ಹಾಗೆ ಓದುತ್ತಾ ಓದುತ್ತಾ ಆ ಪುಸ್ತಕಗಳು ನನ್ನವೇ ಆದವು.

ಮಾವ ತೀರಿಕೊಂಡ ಮೇಲೆ, ಬರೆದವರು ಯಾರು ಎಂದು ತಿಳಿಯುವ ಹಟ ಹಿಡಿಯಿತು ನನಗೆ. ಕುಮಟೆಯ ಪುಸ್ತಕದಂಗಡಿಯಲ್ಲಿ ಕೇಳಿದೆ, ಲೈಬ್ರರಿಯಲ್ಲಿ ಕೇಳಿದೆ. ಆ ಹೆಸರುಗಳನ್ನು ಕೇಳಿದವರೇ ಇಲ್ಲ. ಕೊನೆಗೆ ಸೈಬರ್ ಕೆಫೆಯಲ್ಲಿ ಹುಡುಕಿಸಿದಾಗ ಒಬ್ಬರು ಸಿಕ್ಕಿದರು, ಜೇಕಬ್ ಎನ್ನುವವರು. ಮಾವ ನಕ್ಕು ನಕ್ಕು ಎರಡೆರಡು ಸಲ ಓದಿಸಿಕೊಂಡದ್ದು ಅವರ ಪುಸ್ತಕವನ್ನೇ. ಹುಟ್ಟಿದ ವರ್ಷ ಇತ್ತು. ತೀರಿದ ವರ್ಷದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ನನ್ನ ಮಾವನನ್ನು ಅಷ್ಟು ನಗಿಸಿದ ಮನುಷ್ಯ ಯಾವತ್ತು ಸತ್ತ ಎಂದು ಬರೆದಿಡುವವರೂ ಇಲ್ಲದೆ ಹೋದನೇ ಎಂದು ಬಸ್ಸಿನಲ್ಲಿ ಬರುವಾಗ ಕಣ್ಣು ತುಂಬಿತು.

ಮಾವನ ವರ್ಷಾಂತ ಕಳೆದ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆಗೆ ಕುಮಟೆಯಿಂದ ಅತ್ತಿಗೆ, ಅಂದರೆ ನನ್ನ ಯಜಮಾನರ ಅಕ್ಕ, ಬಂದರು. ಬಂದವರೇ ಟ್ರಂಕ್ ಎಳೆದು ಜಗಲಿಗೆ ತಂದಿಟ್ಟರು.

“ದನ ಕಡಿಯುವವರ ಕತೆ ದೇವರ ಕೋಣೆ ಪಕ್ಕ ಎಂತಕ್ಕೆ ಮಾರಾಯ್ತಿ? ಮಧ್ಯಾಹ್ನ ಬರ್ಲಿಕ್ಕೆ ರದ್ದಿಯವನಿಗೆ ಹೇಳಿದ್ದೇನೆ, ಕೊಟ್ಟು ಬಿಡು.”

“ದನ ಕಾಯುವವರ ಕತೆ, ಅತ್ತಿಗೆ. ನಮ್ಮ ಕೃಷ್ಣ ಎಂತ ಮಾಡ್ತಿದ್ದ?”

“ಕೃಷ್ಣನ ಹತ್ತಿರ ಪಿಸ್ತೂಲಿತ್ತೇನೇ?”

“ಚಕ್ರ ಇತ್ತಲ್ಲ!”

ಯಜಮಾನರು ದರ್ಭೆ ಹುಡುಕುವ ನೆವದಲ್ಲಿ ಒಳಗೆ ಹೋದರು. ಅವರದು ಯಾವಾಗಲೂ ಹಾಗೆಯೇ. ಟ್ರಂಕ್ ಉಳಿಯಬೇಕಾದರೆ ನಾನೇ ಅಡ್ಡ ನಿಲ್ಲಬೇಕು ಎಂದು ತಿಳಿಯಿತು.

ಮಹಾಲಯದಲ್ಲಿ ಮನೆಯ ಹಿರಿಯರಿಗಷ್ಟೇ ಅಲ್ಲ, ಗುರುಗಳಿಗೆ, ಸ್ನೇಹಿತರಿಗೆ, ಗತಿ ಕಾಣಿಸುವವರಿಲ್ಲದವರಿಗೆ ಕೂಡ ಎಳ್ಳುನೀರು ಬಿಡುತ್ತಾರಷ್ಟೆ. ಶ್ರಾದ್ಧ ಮಾಡಿಸಲು ಬಂದಿದ್ದ ಭಟ್ಟರು ಎಲ್ಲ ಹೆಸರು ಮುಗಿಸಿ, “ಇನ್ನು ಯಾರಾದ್ರೂ ಬಿಟ್ಟು ಹೋದ್ರಾ?” ಎಂದು ಕೇಳಿದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ, “ಒಬ್ಬರಿದ್ದಾರೆ ಭಟ್ರೇ, ಮಾವನಿಗೆ ಬೇಕಾದವರು. ಜೇಕಬ್ ಅಂತ.”

“ಎಂತ ಹುಚ್ಚೇ ಇದು?” ಅತ್ತಿಗೆಯ ಧ್ವನಿ ಏರಿತು. “ಪರಂಗಿಯವನಿಗೆ ಪಿಂಡವಾ?”

“ತಿಥಿ ಗೊತ್ತಿಲ್ಲದವರ ದಿನ ಅಲ್ವಾ ಇವತ್ತು? ಅವರ ತಿಥಿ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ.”

ಭಟ್ಟರಿಗೆ ಹಸಿವಾಗಿತ್ತೋ, ಮಾವನ ನೆನಪಾಯಿತೋ. “ಗೋತ್ರ?” ಎಂದರು. ಗೊತ್ತಿಲ್ಲ ಎಂದೆ. “ಗೊತ್ತಿಲ್ಲದಿದ್ದವರಿಗೆ ಕಾಶ್ಯಪ ಗೋತ್ರ. ಆತು, ಎಳ್ಳುನೀರು ಬಿಡಿ,” ಎಂದು ಜೇಕಬ್ ಶರ್ಮರನ್ನು ಸೇರಿಸಿ ಮಂತ್ರ ಹೇಳಿಯೇಬಿಟ್ಟರು. ಯಜಮಾನರು ನನ್ನ ಮುಖ ನೋಡಿದರು. ಮತ್ತೆ ತಲೆ ತಗ್ಗಿಸಿ ನೀರು ಬಿಟ್ಟರು. ನಾನು ದೇವರಿಗೆ ಕೈ ಮುಗಿಯುವ ಉಪಕಾರಗಳಲ್ಲಿ ಅದೂ ಒಂದು.

ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕಾಗೆಗೆಂದು ಮಾವನ ಹೆಸರಲ್ಲಿ ಒಂದು ಎಲೆ ಇಟ್ಟೆವು. ನಾನು ಪಕ್ಕದಲ್ಲಿ ಇನ್ನೊಂದು ಎಲೆ ಇಟ್ಟೆ. ಬೆಳಗಿನ ಮಳೆಗೆ ನೆಲ ಮೆತ್ತಗಿತ್ತು. ತೆಂಗಿನ ಮೇಲೆ ಕಾಗೆಗಳು ಕೂತಿದ್ದವು, ಒಂದೂ ಇಳಿಯಲಿಲ್ಲ.

ಒಳಗೆ ಬಂದು ಬಡಿಸಲು ತಯಾರಿ ಮಾಡುತ್ತಿದ್ದೆ, ಅತ್ತಿಗೆ ಪಾಯಸ ಕದಡುತ್ತಿದ್ದರು. ಆಗ ಹಿತ್ತಲಲ್ಲಿ ಹೆಜ್ಜೆ ಕೇಳಿಸಿತು. ದನದ ಹೆಜ್ಜೆಯನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು, ಅದು ದನದ್ದಲ್ಲ. ತೂಕದ್ದು, ನಿಧಾನದ್ದು. ಬಾವಿಕಟ್ಟೆಯ ಹತ್ತಿರ ನಿಂತಿತು. ಮೂಗಿನಿಂದ ಜೋರಾಗಿ ಉಸಿರು ಬಿಟ್ಟ ಸದ್ದಾಯಿತು. ಅತ್ತಿಗೆಯ ಕೈಯ ಸೌಟು ನಿಂತೇಹೋಯಿತು. ಕಾಗೆಗಳೆಲ್ಲ ಒಟ್ಟಿಗೆ ಹಾರಿದ್ದು ಕೇಳಿ ಇಬ್ಬರೂ ಹೊರಗೆ ಓಡಿದೆವು.

ಯಾರೂ ಇಲ್ಲ. ಗೇಟಿನ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಮಾವನ ಎಲೆಯ ಅನ್ನ ಹಾಗೆಯೇ ಇತ್ತು. ಪಕ್ಕದ ಎಲೆಯಲ್ಲಿ ಒಂದು ಅಗುಳೂ ಇಲ್ಲ. ಎಲೆ ಮಾತ್ರ ಇಟ್ಟಲ್ಲೇ ಇತ್ತು. ದನ ಬಂದಿದ್ದರೆ ಎಲೆಯನ್ನೂ ತಿನ್ನುತ್ತಿತ್ತು. ಕಲ್ಲಿನ ಬುಡದ ಕೆಸರಿನಲ್ಲಿ ಒಂದು ಗುರುತು: ನಡುವೆ ಸೀಳಿಲ್ಲದ ಗೊರಸು, ಅದರ ಅಂಚಿಗೆ ಒಂದು ಕಡೆ ಬಾಯಿ ಬಿಟ್ಟ ಬಳೆಯನ್ನು ಒತ್ತಿದ ಹಾಗೆ ಗೆರೆ.

“ಕೊಡಪಾನ ಇಟ್ಟ ಗುರುತು ಅದು,” ಎಂದರು ಅತ್ತಿಗೆ. ಸ್ವಲ್ಪ ಹೊತ್ತಿಗೆ ರದ್ದಿಯವನು ಗೇಟಿನಲ್ಲಿ ಕೂಗಿದಾಗ ನಾನು ಏಳುವ ಮೊದಲೇ ಅವರೇ ಹೋಗಿ, “ಇಲ್ಲಿ ಎಂತದೂ ಇಲ್ಲ, ಹೋಗು ಹೋಗು,” ಎಂದು ಅಟ್ಟಿದರು.

ಆ ಗುರುತಿನ ಹೆದರಿಕೆಯಿಂದ ಪುಸ್ತಕ ಉಳಿಯಿತು ಎಂದು ಅವರು ಈಗಲೂ ಹೇಳುತ್ತಾರೆ. ಹೇಳಲಿ. ಗುರುತು ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಆ ಟ್ರಂಕಿನ ಮೇಲೆಯೇ ಕೂತುಬಿಡುತ್ತಿದ್ದೆ.

ಸಂಜೆಯ ಮಳೆಗೆ ಗುರುತು ಅಳಿಸಿಹೋಯಿತು. ಆ ಮೇಲೆ ನಾನು ವಿಚಾರಿಸದೆ ಬಿಡಲಿಲ್ಲ. ಹೊನ್ನಾವರದಲ್ಲಿ ಕೇಳಿದೆ, ಭಟ್ಕಳದ ಬಸ್ಸಿನ ಕಂಡಕ್ಟರನನ್ನೂ ಕೇಳಿದೆ. ಆ ದಿನಗಳಲ್ಲಿ ಈ ದಾರಿಯಲ್ಲಿ ಲಾಳ ಹೊಡೆದ ಕುದುರೆ ಕಂಡವರು ಒಬ್ಬರೂ ಸಿಗಲಿಲ್ಲ. ಓದಿ ಓದಿ ನಿನ್ನ ತಲೆಯೊಳಗೇ ಕುದುರೆ ಓಡಿದೆ ಎಂದವರಿದ್ದಾರೆ. ಅತ್ತಿಗೆ ಒಂದು ಸಾಲೂ ಓದಿದವರಲ್ಲ, ಅವರಿಗೂ ಕೇಳಿಸಿತಲ್ಲ! ಬಂದದ್ದು ಯಾರು, ಯಾವ ದಾರಿಯಲ್ಲಿ ಬಂದರು, ನನ್ನನ್ನು ಕೇಳಬೇಡಿ. ಬಡಿಸಿದವಳು ನಾನು. ಉಂಡು ಹೋದರು, ಅಷ್ಟು ಕಂಡಿದ್ದೇನೆ.