ಹುಲಿಗೆಮ್ಮನ ಗೈರುಹಾಜರಿ

1944ರಲ್ಲಿ ನಾನು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ತಹತಾನಿಯಾ ಶಾಲೆಯಲ್ಲಿ ಎರಡನೆಯ ಶಿಕ್ಷಕಿಯಾಗಿದ್ದೆ. ನಿಜಾಮರ ಕಾಲದಲ್ಲಿ ಪ್ರಾಥಮಿಕ ಶಾಲೆಗೆ ಆ ಹೆಸರಿತ್ತು. ವಾರದ ರಜೆ ಶುಕ್ರವಾರ. ನನಗಾಗ ಇಪ್ಪತ್ತೆರಡು ವರ್ಷ. ಗಂಗಾವತಿಯಲ್ಲಿ ಅನ್ನ ಉಂಡು ಬೆಳೆದವಳು, ಇಲ್ಲಿ ಬಂದು ಜೋಳದ ರೊಟ್ಟಿ ಬಡಿಯಲು ಕಲಿತೆ. ಮಕ್ಕಳು ‘ಅಕ್ಕೋರು’ ಎಂದು ಕರೆದರೆ ಎರಡು ಅಂಗುಲ ಎತ್ತರವಾದಂತೆ ಅನಿಸುತ್ತಿತ್ತು. ಆ ಶಾಲೆಯ ಸುಣ್ಣದ ಗೋಡೆ, ಬೇವಿನ ಮರ, ಮಧ್ಯಾಹ್ನದ ಗಂಟೆಯ ಸದ್ದು ಈಗಲೂ ನೆನಪಾಗುತ್ತವೆ. ಅವುಗಳ ಜೊತೆಗೆ ಹುಲಿಗೆಮ್ಮನೂ ನೆನಪಾಗುತ್ತಾಳೆ.

ನಾಲ್ಕನೆಯ ಇಯತ್ತೆ, ಅಂದರೆ ನಾಲ್ಕನೆಯ ತರಗತಿ, ನನ್ನದು. ಇಪ್ಪತ್ತೆರಡು ಹುಡುಗರು, ಐದು ಹುಡುಗಿಯರು. ಹುಡುಗಿಯರಲ್ಲಿ ನಾಲ್ವರು ಉಳ್ಳವರ ಮನೆಯವರು. ಐದನೆಯವಳು ಹುಲಿಗೆಮ್ಮ, ಕೂಲಿ ಮಾಡುವ ದುರಗವ್ವನ ಮಗಳು. ವಯಸ್ಸು ಹನ್ನೊಂದಿರಬಹುದು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ನನ್ನಿಂದ ಬೈಸಿಕೊಳ್ಳುತ್ತಿದ್ದಳು.

ದಸರೆಯ ನಂತರ ಊರ ಗೌಡರೂ ಮತ್ತಿಬ್ಬರು ಹಿರಿಯರೂ ಶಾಲೆಗೆ ಬಂದರು. ದೊಡ್ಡ ಹುಡುಗಿಯರು ಪರಕಾರ ಪೋಲಕದಲ್ಲಿ, ಅಂದರೆ ಲಂಗ ಕುಪ್ಪಸದಲ್ಲಿ, ಹುಡುಗರ ಜೊತೆ ಕೂಡುವುದು ಸರಿಯಲ್ಲ ಎಂಬುದು ಅವರ ದೂರು. ನಮ್ಮ ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಮೂರು ರುಮಾಲು ಒಟ್ಟಿಗೆ ಕಂಡರೆ ಬೆವರುವವರು. ನಿಮ್ಮ ಅಕ್ಷರ ದುಂಡಗಿವೆ ಎಂದು ಹೊಗಳಿ ನನ್ನಿಂದಲೇ ನಿಯಮ ಬರೆಸಿದರು. ನಾಲ್ಕನೆಯ ಇಯತ್ತೆಯ ಹುಡುಗಿಯರು ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬರತಕ್ಕದ್ದು. ಹುಡುಗರು ಟೊಪ್ಪಿಗೆ ಇಟ್ಟು, ಅಂಗಿಯ ಗುಂಡಿ ಹಾಕಿಕೊಂಡು ಬರತಕ್ಕದ್ದು. ತಪ್ಪಿದವರನ್ನು ಮನೆಗೆ ಕಳಿಸಲಾಗುವುದು. ಮರುದಿನವೇ ಆ ಕಾಗದವನ್ನು ಅಂಟು ಹಚ್ಚಿ ಬಾಗಿಲಿಗೆ ಅಂಟಿಸಿದೆ. ಅಕ್ಷರ ಚೆನ್ನಾಗಿ ಬಂದಿವೆ ಎಂದು ಹಿಂದೆ ಸರಿದು ನೋಡಿದ್ದು ನೆನಪಿದೆ, ಈಗ ನಾಚಿಕೆಯಾಗುತ್ತದೆ.

ಹುಲಿಗೆಮ್ಮ ಪರಕಾರದಲ್ಲೇ ಬಂದಳು. ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿದೆ. ಹೀಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ದೊಡ್ಡ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಸುತ್ತಿಕೊಂಡು ಬಂದಳು. ನೀಲಿ ಸೀರೆ, ಕೆಂಪು ದಡಿ, ಸೆರಗಿನಲ್ಲಿ ಕಿಡಿ ಬಿದ್ದು ಸುಟ್ಟ ತೂತು. ಸಮಸ್ಯೆ ಬಗೆಹರಿಯಿತೆಂದುಕೊಂಡೆ.

ತಿಂಗಳ ಕೊನೆಗೆ ಹಾಜರಿ ಪುಸ್ತಕ ಕೂಡಿಸುವಾಗ ಅವಳ ಸಾಲು ವಿಚಿತ್ರವಾಗಿ ಕಂಡಿತು. ಒಂದು ದಿನ ಹಾಜರಿ, ಮರುದಿನ ಗೈರು. ಮತ್ತೆ ಹಾಜರಿ, ಮತ್ತೆ ಗೈರು. ಎಲ್ಲರೆದುರು ಚೆನ್ನಾಗಿ ಬೈದೆ. ಅವಳು ಕಾರಣ ಹೇಳದೆ ತನ್ನ ಜಾಗಕ್ಕೆ ಹೋಗಿ ಕುಳಿತಳು. ಮುಂದಿನ ತಿಂಗಳುಗಳಲ್ಲೂ ಅದೇ ಕಥೆ. ಸಂಕ್ರಾಂತಿ ಕಳೆಯಿತು. ವಾರ್ಷಿಕ ಪರೀಕ್ಷೆಗೆ ಕೂಡಲು ಮುಕ್ಕಾಲು ಪಾಲು ಹಾಜರಿ ಬೇಕು. ಪಟ್ಟಿಯಲ್ಲಿ ಅವಳ ಹೆಸರು ಬರೆಯಬೇಡಿ ಎಂದು ಹೆಡ್ ಮಾಸ್ತರರು ಹೇಳಿದರು. ಕೂಲಿಯವರ ಮನೆಯಲ್ಲಿ ಹುಡುಗಿಗೆ ಇನ್ನೊಂದು ವರ್ಷ ಯಾರೂ ಕೊಡುವುದಿಲ್ಲ. ಇಲ್ಲಿ ತಪ್ಪಿದರೆ ಅವಳ ಓದು ಮುಗಿದಂತೆ.

ಒಂದು ಗೈರಿನ ದಿನ ಸಂಜೆ ಅವಳ ಮನೆಗೆ ಹೋದೆ. ಹುಲಿಗೆಮ್ಮ ಹಳೆಯ ಪರಕಾರದಲ್ಲಿ ಒಲೆ ಊದುತ್ತಿದ್ದಳು. ಅಷ್ಟರಲ್ಲಿ ದುರಗವ್ವ ಹತ್ತಿ ಬಿಡಿಸಿ ಹೊಲದಿಂದ ಬಂದಳು. ಅವಳ ಮೈಮೇಲೆ ನೀಲಿ ಸೀರೆ, ಕೆಂಪು ದಡಿ, ಸೆರಗಿನಲ್ಲಿ ಅದೇ ತೂತು. ಯುದ್ಧದ ಕಾಲ, ಬಟ್ಟೆಗೆ ರೇಷನ್ ಇತ್ತು. ಆ ಮನೆಯಲ್ಲಿ ಹೊರಗೆ ಉಟ್ಟು ಹೋಗುವಂಥ ಸೀರೆ ಅದೊಂದೇ.

“ಅಕ್ಕೋರ, ನಾ ಉಟ್ರ ಹೊಲ, ಅಕಿ ಉಟ್ರ ಸಾಲಿ,” ಎಂದಳು ದುರಗವ್ವ. “ಒಂದ ಸೀರಿ ಎಷ್ಟ ಕಡಿ ಹೋಗಬೇಕ್ರಿ? ಪರಕಾರ ಉಟ್ಟು ಹೊಲದಾಗ ದುಡದ್ರ ಯಾರೂ ಏನೂ ಅನ್ನಂಗಿಲ್ಲ. ಸಾಲ್ಯಾಗ ಕುಂತ್ರ ಅಷ್ಟ ತಪ್ಪಾಕ್ಕೈತಿ.”

ಮಗಳನ್ನು ಶಾಲೆಗೆ ಕಳಿಸಲು ನಾಲ್ಕು ತಿಂಗಳು ದಿನ ಬಿಟ್ಟು ದಿನ ಕೂಲಿ ಬಿಟ್ಟ ತಾಯಿಯ ಮುಂದೆ ನಿಂತಿದ್ದೆ. ಆ ಮಗಳನ್ನೇ ಎಲ್ಲರೆದುರು ಬೈದಿದ್ದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ.

ಹೆಡ್ ಮಾಸ್ತರರಿಗೆ ಹೇಳಿದರೆ, ಹಿರಿಯರ ಮಾತು ಮೀರಲಾಗದು ಎಂದರು. ಆ ವಾರ ಅವರು ಕಚೇರಿ ಕೆಲಸಕ್ಕೆ ರಾಯಚೂರಿಗೆ ಹೋದರು. ಶಾಲೆ ಮೂರು ದಿನ ನನ್ನ ಕೈಯಲ್ಲಿತ್ತು. ಬೆಳಿಗ್ಗೆ ಬಾಗಿಲಿನ ಕಾಗದವನ್ನು ಮತ್ತೆ ಓದಿದೆ. ಹುಡುಗರ ಸಾಲನ್ನು ನಾನೇ ಬರೆದು ನಾನೇ ಮರೆತಿದ್ದೆ. ಟೊಪ್ಪಿಗೆ ಇಲ್ಲವೆಂದು ಒಬ್ಬ ಹುಡುಗನನ್ನೂ ಯಾರೂ ಒಂದು ದಿನವೂ ಕಳಿಸಿರಲಿಲ್ಲ. ಅಂದು ಕಳಿಸಿದೆ. ಇಪ್ಪತ್ತೆರಡರಲ್ಲಿ ಉಳಿದವರು ಮೂವರು. ಹೋದವರಲ್ಲಿ ಗೌಡರ ಮೊಮ್ಮಗ ಶರಣಪ್ಪನೂ ಇದ್ದ. ಅವನ ಅಂಗಿಗೆ ಗುಂಡಿಯೇ ಇರಲಿಲ್ಲ.

ತಾಸಿನೊಳಗೆ ಗೌಡರು ಮೊಮ್ಮಗನ ಕೈ ಹಿಡಿದು ಬಂದರು. “ಟೊಪಗಿ ಇಲ್ಲಂದ್ರ ತಲಿ ಇರಂಗಿಲ್ಲೇನ್ರಿ ಅಕ್ಕೋರ? ಹುಡುಗ ಓದಾಕ ಬಂದಾನ, ಮದುವಿಗಿ ಬಂದಿಲ್ಲ.”

“ಹುಲಿಗೆಮ್ಮನೂ ಓದಾಕ ಬಂದಾಳ್ರಿ ಗೌಡ್ರ,” ಎಂದೆ. ಒಂದೇ ಸೀರೆಯ ಸಂಗತಿಯನ್ನು ಪೂರ್ತಿ ಹೇಳಿದೆ.

ಗೌಡರು ಬಹಳ ಹೊತ್ತು ಕಾಗದ ನೋಡುತ್ತ ನಿಂತರು. ಅವರಿಗೆ ಓದಲು ಬರುತ್ತಿರಲಿಲ್ಲ. ಕೊನೆಗೆ ಅದನ್ನು ಕಿತ್ತು ನನ್ನ ಕೈಗಿಟ್ಟು, “ಪರಕಾರದಾಗ ಬರ್ಲಿ ತಗೋರಿ,” ಎಂದು ಮೊಮ್ಮಗನನ್ನು ಒಳಗೆ ತಳ್ಳಿ ಹೋದರು. ಮರುದಿನದಿಂದ ಹುಲಿಗೆಮ್ಮ ದಿನವೂ ಬಂದಳು.

ಹಳೆಯ ಗೈರುಗಳು ಮಾತ್ರ ಉಳಿದಿದ್ದವು. ಹಾಜರಿ ಪುಸ್ತಕದಲ್ಲಿ ಅವಳ ಸಾಲಿನ ಕೆಳಗೆ, ಈ ಗೈರುಹಾಜರಿಗೆ ಹುಡುಗಿ ಕಾರಣಳಲ್ಲ, ನಾನು ಬರೆದ ನಿಯಮ ಕಾರಣ ಎಂದು ಬರೆದು ಸಹಿ ಮಾಡಿದೆ. ರಾಯಚೂರಿನಿಂದ ಮರಳಿದ ಹೆಡ್ ಮಾಸ್ತರರು ಕೆಂಡವಾದರು. ನನ್ನ ಸರ್ವಿಸ್ ಬುಕ್ಕಿನಲ್ಲಿ ಒಂದು ತಾಕೀತು ಬರೆದರು. ಬರೆದು ಮುಗಿಸಿದ ಮೇಲೆ ಪರೀಕ್ಷೆಯ ಪಟ್ಟಿಗೆ ಹುಲಿಗೆಮ್ಮನ ಹೆಸರನ್ನು ತಮ್ಮ ಕೈಯಾರೆ ಸೇರಿಸಿದರು. ನನ್ನ ಮುಖ ನೋಡಲಿಲ್ಲ. ಅವಳು ಪರಕಾರದಲ್ಲೇ ಪರೀಕ್ಷೆ ಬರೆದು ಮೊದಲಿಗಳಾಗಿ ಪಾಸಾದಳು.

ನಂತರ ಯಲಬುರ್ಗಾ, ಕೊಪ್ಪಳ ಎಂದು ಎಷ್ಟೋ ಶಾಲೆಗಳನ್ನು ಕಂಡೆ. ಎಲ್ಲಿಯೇ ನಿಯಮದ ಕಾಗದ ಸಿಕ್ಕರೂ, ತಪ್ಪಿದಾಗ ನಿಜವಾಗಿ ಮನೆಗೆ ಹೋಗುವವರು ಯಾರು ಎಂದು ಮೊದಲು ಹಾಜರಿ ಪುಸ್ತಕ ತೆರೆದು ನೋಡುತ್ತಿದ್ದೆ. ನೌಕರಿ ನನಗೆ ಕಲಿಸಿದ್ದು ಇಷ್ಟೇ.

ನಿವೃತ್ತಿಯ ದಿನ ಗುಮಾಸ್ತರು ನನ್ನ ಸರ್ವಿಸ್ ಬುಕ್ಕು ತಿರುವುತ್ತ, ಇಡೀ ಪುಸ್ತಕದಲ್ಲಿ ಇದೊಂದೇ ಕಪ್ಪು ಚುಕ್ಕೆ ಎಂದು ತಾಕೀತನ್ನು ತೋರಿಸಿದರು. ಅನುಮತಿಯಿಲ್ಲದೆ ಹುಡುಗರನ್ನು ಒಂದು ದಿನ ಮನೆಗೆ ಕಳಿಸಿದ ತಪ್ಪಿಗಾಗಿ, ಎಂದಿತ್ತು. ಆ ಪುಟವನ್ನು ನಾನು ಕೊನೆಯವರೆಗೆ ಓದಿದೆ. ಹುಲಿಗೆಮ್ಮನನ್ನು ನಾಲ್ಕು ತಿಂಗಳು ದಿನ ಬಿಟ್ಟು ದಿನ ಹೊರಗಿಟ್ಟಿದ್ದಕ್ಕೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.